ಲೂಪ್: ಕುಣಿಕೆಯಿಂದ ಗಿಟಾರ್ ಆಂಪ್‌ವರೆಗೆ

‘ಲೂಪ್’ ಕನ್ನಡ ಓದುಗರಿಗೆ ಹೊಸ ಪದವೇನಲ್ಲ. ರೈಲ್ವೆ ಸುದ್ದಿಯಲ್ಲಿ ಲೂಪ್ ಲೈನ್ ಬರುತ್ತದೆ, ಬೆಂಗಳೂರಿನ ಸುದ್ದಿಯಲ್ಲಿ ಹೆಬ್ಬಾಳ ಮೇಲ್ಸೇತುವೆಯ ಲೂಪ್. 1965ರಲ್ಲಿ ಭಾರತದ ಕುಟುಂಬ ಯೋಜನೆಗೆ ಲಿಪ್ಪೆಸ್ ಲೂಪ್ ಎಂಬ ಗರ್ಭನಿರೋಧಕ ಸಾಧನ ಸೇರಿದಾಗ ಈ ಪದ ಆಸ್ಪತ್ರೆಯ ಮೆಟ್ಟಿಲನ್ನೂ ಹತ್ತಿತು. ಈಗ ಐಟಿ ಕಚೇರಿಯಲ್ಲಿ ‘ಅವರನ್ನೂ ಲೂಪ್‌ಗೆ ಹಾಕಿ’ ಎಂದರೆ ಇಮೇಲ್‌ನಲ್ಲಿ ಅವರ ಹೆಸರೂ ಇರಲಿ ಎಂದರ್ಥ. ಇದೇ ಪದ ಗಿಟಾರ್ ಆಂಪ್ಲಿಫೈಯರ್‌ನ ಹಿಂಬದಿಯಲ್ಲೂ ಕೂತಿದೆ, ‘ಎಫೆಕ್ಟ್ಸ್ ಲೂಪ್’ ಎಂಬ ಹೆಸರಿನಲ್ಲಿ.

ಇಂಗ್ಲಿಷಿನಲ್ಲಿ ಇದು 14ನೆಯ ಶತಮಾನದ ಕೊನೆಯ ಹೊತ್ತಿಗೆ ಬಳಕೆಯಲ್ಲಿತ್ತು. ಆಗಿನ ಅರ್ಥ ಹಗ್ಗವನ್ನೋ ದಾರವನ್ನೋ ಮಡಚಿ ಮಾಡಿದ ಕುಣಿಕೆ. ಮೂಲದ ವಿಚಾರದಲ್ಲಿ ನಿಘಂಟುಕಾರರಿಗೆ ಒಮ್ಮತವಿಲ್ಲ. ಬಾಗು, ಮಡಿಕೆ ಎಂಬ ಅರ್ಥದ ಐರಿಷ್ ‘ಲೂಬ್’ ಜೊತೆ ನಂಟು ಕಲ್ಪಿಸುವವರಿದ್ದಾರೆ. ಕಾನೂನಿನ ‘ಲೂಪ್‌ಹೋಲ್’ ಮಾತ್ರ ಈ ಮನೆತನದ್ದಲ್ಲ. ಕೋಟೆಗೋಡೆಯ ಕಿರುಗಿಂಡಿಗೆ ಇದ್ದ ಬೇರೊಂದು ‘ಲೂಪ್’ ಅದರ ಮೂಲ.

ಕುಣಿಕೆಯ ಅರ್ಥ ಮುಂದೆ ಎರಡಾಗಿ ಕವಲೊಡೆಯಿತು. ಒಂದು, ಕೊನೆಯೇ ಇಲ್ಲದೆ ತಿರುಗುವ ಬಳೆ. ಇನ್ನೊಂದು, ಮುಖ್ಯ ದಾರಿಯನ್ನು ಬಿಟ್ಟು ಹೊರಟು ಮತ್ತೆ ಅದನ್ನೇ ಸೇರುವ ಬಳಸುದಾರಿ. ಗಿಟಾರ್ ಲೋಕದಲ್ಲಿ ಎರಡೂ ಇವೆ, ಗೊಂದಲ ಹುಟ್ಟುವುದೂ ಅಲ್ಲೇ.

ಬಳೆಯ ಅರ್ಥಕ್ಕೆ ಒಳ್ಳೆಯ ಉದಾಹರಣೆ ಪ್ರತಿಧ್ವನಿ ಯಂತ್ರಗಳು. 1958ರಲ್ಲಿ ಲಂಡನ್ನಿನ ಚಾರ್ಲಿ ವಾಟ್ಕಿನ್ಸ್ ಹೊರತಂದ ಕಾಪಿಕ್ಯಾಟ್‌ನಲ್ಲಿ ತುದಿಗೆ ತುದಿ ಅಂಟಿಸಿದ ಟೇಪು ಸುತ್ತುತ್ತಲೇ ಇರುತ್ತಿತ್ತು. ಮರುವರ್ಷ ಅಮೆರಿಕದಲ್ಲಿ ಬಂದ ಎಕೋಪ್ಲೆಕ್ಸ್‌ನದೂ ಅದೇ ಬಗೆ. ಆಂಪ್‌ನ ಒಳಗೇ ಇನ್ನೊಂದು ಬಳೆಯಿದೆ. 1927ರಲ್ಲಿ ಬೆಲ್ ಲ್ಯಾಬ್ಸ್‌ನ ಹೆರಾಲ್ಡ್ ಬ್ಲ್ಯಾಕ್‌ಗೆ ಹೊಳೆದ ನೆಗೆಟಿವ್ ಫೀಡ್‌ಬ್ಯಾಕ್ ಅದು: ಔಟ್‌ಪುಟ್‌ನ ಒಂದು ಪಾಲು ಹಿಂದಕ್ಕೆ ಬಂದು ತಪ್ಪನ್ನು ತಿದ್ದುತ್ತದೆ. ಮಾರ್ಷಲ್ ಆಂಪ್‌ನ ‘ಪ್ರೆಸೆನ್ಸ್’ ತಿರುಗಣೆ ಮುಟ್ಟುವುದು ಈ ಬಳೆಯನ್ನೇ.

ಎಫೆಕ್ಟ್ಸ್ ಲೂಪ್ ಎರಡನೆಯ ಕವಲಿನದು, ರೈಲ್ವೆಯ ಲೂಪ್ ಲೈನಿನ ಹತ್ತಿರದ ಬಂಧು. ಇಲ್ಲಿ ಯಾವುದೂ ಸುತ್ತುವುದಿಲ್ಲ. ಆಂಪ್‌ನ ಮೊದಲ ಹಂತವಾದ ಪ್ರೀಆಂಪ್ ದಾಟಿದ ಸಿಗ್ನಲ್ ‘ಸೆಂಡ್’ ಮೂಲಕ ಹೊರಬಂದು, ಪೆಡಲ್‌ಗಳಲ್ಲಿ ಹಾದು, ‘ರಿಟರ್ನ್’ ಮೂಲಕ ಒಳಸೇರಿ, ಸ್ಪೀಕರ್‌ಗೆ ಬೇಕಾದ ಕಸುವು ತುಂಬುವ ಪವರ್ ಆಂಪ್‌ಗೆ ಹೋಗುತ್ತದೆ. 1980ರ ಸುಮಾರಿಗೆ ಬಂದ ಮೆಸಾ ಬೂಗಿಯ ಮಾರ್ಕ್ ಸರಣಿಯ ಆಂಪ್‌ಗಳು ಈ ಏರ್ಪಾಟನ್ನು ಜನಪ್ರಿಯಗೊಳಿಸಿದವುಗಳಲ್ಲಿ ಸೇರಿವೆ. ಪ್ರೀಆಂಪ್‌ನಲ್ಲೇ ಡಿಸ್ಟಾರ್ಷನ್, ಅಂದರೆ ದನಿಯ ಒರಟುತನ, ಹುಟ್ಟಿಸುವ ಆಂಪ್‌ಗಳು ಬಂದ ಮೇಲೆ ಇಂಥ ಬಳಸುದಾರಿ ಬೇಕೇ ಆಯಿತು.

ಕಾರಣ ಸರಳ. ಡಿಸ್ಟಾರ್ಷನ್ ದೊಡ್ಡ ದನಿಯನ್ನು ಅದುಮಿ ಸಣ್ಣದನ್ನು ಎತ್ತುತ್ತದೆ. ಪ್ರತಿಧ್ವನಿ ಕೊಡುವ ಡಿಲೇ ಪೆಡಲನ್ನು ಅದಕ್ಕಿಂತ ಮುಂಚೆ ಇಟ್ಟರೆ ಮೆಲ್ಲಗೆ ಕರಗಬೇಕಾದ ಪ್ರತಿಧ್ವನಿಗಳೂ ಮೂಲ ಸ್ವರದಷ್ಟೇ ಜೋರಾಗಿ, ಅದರೊಡನೆ ಸೇರಿ ಕಲಸಿಹೋಗುತ್ತವೆ. ಲೂಪ್‌ನಲ್ಲಿ ಇಟ್ಟರೆ ಒರಟಾದ ದನಿಯ ಮೇಲೆ ಪ್ರತಿಧ್ವನಿ ಬಿಡಿಬಿಡಿಯಾಗಿ ಕೂರುತ್ತದೆ. ರಿವರ್ಬ್‌ಗೂ ಇದೇ ಮಾತು. ವಾ ಮತ್ತು ಫಜ್ ಪೆಡಲ್‌ಗಳಿಗೆ ಮಾತ್ರ ಸಾಮಾನ್ಯವಾಗಿ ಆಂಪ್‌ನ ಮುಂದಿನ ಜಾಗವೇ ಸರಿ.

ದನಿಯ ಮಟ್ಟದ ಲೆಕ್ಕವೂ ಇಲ್ಲಿ ತಲೆಕೆಳಗಾಗುತ್ತದೆ. ಬೂಸ್ಟ್ ಪೆಡಲ್ ಮುಂದಿದ್ದರೆ ಹೆಚ್ಚುವುದು ಒರಟುತನ. ಲೂಪ್‌ನಲ್ಲಿದ್ದರೆ, ಪವರ್ ಆಂಪ್‌ಗೆ ಇನ್ನೂ ಕಸುವು ಉಳಿದಿದ್ದ ಪಕ್ಷದಲ್ಲಿ, ಹೆಚ್ಚುವುದು ದನಿ. ಸೋಲೋ ನುಡಿಸುವವರಿಗೆ ಬೇಕಾದ್ದು ಎರಡನೆಯದು. ಲೂಪ್‌ನಲ್ಲಿಟ್ಟ ವಾಲ್ಯೂಮ್ ಪೆಡಲ್ ಒರಟುತನ ಕಳೆಯದೆ ಸದ್ದನ್ನಷ್ಟೇ ಇಳಿಸುವುದರಿಂದ ಮನೆಯಲ್ಲಿ ಅಭ್ಯಾಸ ಮಾಡುವವರಿಗೂ ಅನುಕೂಲ.

ಹಾಗೆಂದು ಬಳಸುದಾರಿ ಪುಕ್ಕಟೆಯಲ್ಲ. ಕೆಲವು ಲೂಪ್‌ಗಳು ಸ್ಟುಡಿಯೋದ ಲೈನ್ ಮಟ್ಟದಲ್ಲಿ ಕೆಲಸ ಮಾಡುತ್ತವೆ: +4 ಡಿಬಿಯು, ಅಂದರೆ ಸುಮಾರು 1.23 ವೋಲ್ಟ್. ಗಿಟಾರ್‌ನ ಸಣ್ಣ ಸಿಗ್ನಲ್‌ಗೆಂದೇ ಮಾಡಿದ 9 ವೋಲ್ಟಿನ ಪೆಡಲ್ ಇಷ್ಟು ಹೊರೆಗೆ ಒಡೆದ ದನಿ ಕೊಡಬಹುದು. ತಿರುಗಾಮುರುಗಾ ಆದರೆ, ಅಂದರೆ ಪೆಡಲ್ ಮಟ್ಟದ ಲೂಪ್‌ಗೆ ರ‍್ಯಾಕ್ ಯಂತ್ರ ಜೋಡಿಸಿದರೆ, ಸದ್ದು ಸೊರಗಿ ಗುಯ್‌ಗುಡುವಿಕೆ ಮೇಲೇಳುತ್ತದೆ. ಸಿಗ್ನಲ್‌ಗೆ ಬಲ ಕೊಡುವ ಬಫರ್ ಇಲ್ಲದ ಲೂಪ್‌ಗೆ ಉದ್ದದ ಕೇಬಲ್ ಹಾಕಿದರೆ, ಕೇಬಲ್‌ನ ಕೆಪಾಸಿಟೆನ್ಸ್ ಮೇಲ್ಸ್ತರದ ಹೊಳಪನ್ನು ಹೀರುತ್ತದೆ. ಮೂಲ ದನಿಯ ಒಂದು ಪಾಲನ್ನು ಒಳಗೇ ಉಳಿಸಿಕೊಂಡು ಇನ್ನೊಂದನ್ನು ಹೊರಗೆ ಕಳಿಸುವ ‘ಪ್ಯಾರಲಲ್’ ಲೂಪ್‌ನಲ್ಲಿ ಎರಡರ ಫೇಸ್, ಅಂದರೆ ಅಲೆಯ ಏರಿಳಿತದ ಸಮಯ, ಹೊಂದದಿದ್ದರೆ ದನಿ ಟೊಳ್ಳಾಗುತ್ತದೆ.

ಪವರ್ ಆಂಪನ್ನೇ ದುಡಿಸಿ ಡಿಸ್ಟಾರ್ಷನ್ ಪಡೆಯುವ ಮಾರ್ಷಲ್ ಸೂಪರ್ ಲೀಡ್‌ನಂಥ ಹಳೆಯ ಆಂಪ್‌ಗಳಿಗೆ ಲೂಪ್ ಜೋಡಿಸಿಯೂ ಹೆಚ್ಚು ಪ್ರಯೋಜನವಿಲ್ಲ. ಒರಟುತನ ಹುಟ್ಟುವುದೇ ರಿಟರ್ನ್ ದಾಟಿದ ಮೇಲೆ. ಆದ್ದರಿಂದ ಲೂಪ್ ಇದೆ ಎಂಬ ಒಂದೇ ಕಾರಣಕ್ಕೆ ಆಂಪ್ ಕೊಳ್ಳಬೇಡಿ. ಡಿಸ್ಟಾರ್ಷನ್ ಎಲ್ಲಿ ಹುಟ್ಟುತ್ತದೆ, ಸೆಂಡ್ ಯಾವ ಮಟ್ಟದ್ದು, ಬಫರ್ ಇದೆಯೇ ಎಂಬ ಮೂರನ್ನು ಅಂಗಡಿಯಲ್ಲೇ ವಿಚಾರಿಸಿ.