ಹೊಸತು ಮಾಡುವ ಲೆಕ್ಕ

ಯಾವುದನ್ನು ಎಷ್ಟು ಸಮಯಕ್ಕೊಮ್ಮೆ ಹೊಸತು ಮಾಡಬೇಕೆಂಬುದಕ್ಕೆ ನಮ್ಮ ತುಳುನಾಡಿನ ಹಿರಿಯರು ಒಂದೊಂದು ಲೆಕ್ಕ ಇಟ್ಟಿದ್ದರು. ಮುಳಿಹುಲ್ಲಿನ ಮಾಡಾದರೆ ವರ್ಷಕ್ಕೊಮ್ಮೆ, ಮಳೆ ಹಿಡಿಯುವ ಮೊದಲು ಹೊದೆಸಲೇಬೇಕು. ಹಂಚಿನ ಮನೆಯಾದರೆ ಒಡೆದ ಹಂಚನ್ನಷ್ಟೇ ತೆಗೆದು ಬೇರೆ ಇಟ್ಟರೆ ಸಾಕು. ದೇವಸ್ಥಾನಕ್ಕೆ ಹನ್ನೆರಡು ವರ್ಷಕ್ಕೊಮ್ಮೆ ಬ್ರಹ್ಮಕಲಶ. ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ 1604ರಲ್ಲಿ ನಿಂತ ಗೊಮ್ಮಟನಿಗೆ 2000, 2012 ಮತ್ತು 2024ರಲ್ಲಿ ಮಸ್ತಕಾಭಿಷೇಕವಾಯಿತು. ಆ ಹನ್ನೆರಡು ವರ್ಷ ಶಾಸ್ತ್ರದ ಅಂತರವಿರಬಹುದು. ಊರವರು ಮತ್ತೆ ಹಣ, ಜನ, ಉತ್ಸಾಹ ಕೂಡಿಸಿಕೊಳ್ಳಲು ಬೇಕಾಗುವ ಕಾಲವೂ ಹೌದೆಂದು ನನಗೆ ತೋರುತ್ತದೆ.

ಮೂಡಬಿದಿರೆಯ ಧವಲ ಗ್ರಂಥಗಳದ್ದು ಬೇರೆಯೇ ಕತೆ. ಹಳೆಯ ಕನ್ನಡ ಲಿಪಿಯ ಆ ತಾಳೆಗರಿಗಳು ಶತಮಾನಗಳ ಕಾಲ ಬಸದಿಯ ಭಂಡಾರದಲ್ಲೇ ಉಳಿದವು. ನಕಲು ಮಾಡಹೊರಟರೆ ಕೈತಪ್ಪು ಸೇರುತ್ತದೆ, ಮಾಡದಿದ್ದರೆ ಗರಿಯೇ ಪುಡಿಯಾಗುತ್ತದೆ. ನಕಲಿನ ಕೆಲಸ ಶುರುವಾದದ್ದು 19ನೆಯ ಶತಮಾನದ ಕೊನೆಗೆ. ಮೊದಲ ಸಂಪುಟ ಅಚ್ಚಾದದ್ದು 1939ರಲ್ಲಿ.

ಹಳತನ್ನು ಹಾಗೆಯೇ ಇಡಲೂ ಭಯ, ಹೊಸತು ಮಾಡಲೂ ಭಯ. ಇದೇ ಇಕ್ಕಟ್ಟಿನಲ್ಲಿ ಇಂದಿಗೂ ದಿನ ಕಳೆಯುವ ಇನ್ನೊಂದು ಬಳಗವಿದೆ. ಅವರು ನಮ್ಮ ಊರಿನವರಲ್ಲ. ಆದರೆ ಅವರು ಮಾಡಿದ ಅಡುಗೆಯನ್ನು ನಾವೂ ಉಂಡಿದ್ದೇವೆ. ಕಂಪ್ಯೂಟರಿನ ಸ್ವತಂತ್ರ ತಂತ್ರಾಂಶಗಳನ್ನು ಸಂಬಳವಿಲ್ಲದೆ ನೋಡಿಕೊಳ್ಳುವ ಸ್ವಯಂಸೇವಕರ ಮಾತು ನಾನು ಹೇಳುತ್ತಿರುವುದು.

2011ರ ನಂತರ ಕರ್ನಾಟಕದ ಸರಕಾರಿ ಪ್ರೌಢಶಾಲೆಯ ಶಿಕ್ಷಕರಿಗೆ ‘ವಿಷಯ ಶಿಕ್ಷಕರ ವೇದಿಕೆ’ ಎಂಬ ತರಬೇತಿ ನಡೆಯಿತು. ಸಮಾಜ ಪಾಠ ಮಾಡುವ ನನ್ನಂಥವರು ಉಬುಂಟು ಎಂಬ ಹೆಸರನ್ನು ಮೊದಲು ಕೇಳಿದ್ದು ಅಲ್ಲಿ. ದುಡ್ಡು ಕೊಡಬೇಕಾಗಿಲ್ಲ, ಬೇಕಾದವರಿಗೆ ಹಂಚಬಹುದು ಎಂದಾಗ ನಮಗೆಲ್ಲ ಆಶ್ಚರ್ಯ. ‘ಹಾಗಾದರೆ ಇದನ್ನು ನೋಡಿಕೊಳ್ಳುವವರು ಯಾರು?’ ಎಂದು ಹಿಂದಿನ ಬೆಂಚಿನಿಂದ ಒಬ್ಬರು ಟೀಚರ್ ಕೇಳಿದರು. ಆ ಪ್ರಶ್ನೆ ನನ್ನ ತಲೆಯಲ್ಲಿ ಉಳಿಯಿತು.

ಉಬುಂಟುವಿನ ತಾಯಿಬೇರು ಡೆಬಿಯನ್. 1993ರಲ್ಲಿ ಇಯಾನ್ ಮರ್ಡಾಕ್ ಎಂಬ ವಿದ್ಯಾರ್ಥಿ ಅದನ್ನು ಆರಂಭಿಸಿ, ತನ್ನ ಗೆಳತಿ ಡೆಬ್ರಾಳ ಹೆಸರಿನೊಂದಿಗೆ ತನ್ನದನ್ನು ಕೂಡಿಸಿದ. ಅದರಲ್ಲಿ ಇಂದು ಹತ್ತಾರು ಸಾವಿರ ಪ್ಯಾಕೇಜುಗಳಿವೆ. ಅಂದರೆ ಅಕ್ಷರ ಬರೆಯಲು ಒಂದು, ಚಿತ್ರ ನೋಡಲು ಒಂದು ಎಂಬಂತೆ ಬಿಡಿಬಿಡಿ ಕಟ್ಟುಗಳು. ಒಂದು ಕಟ್ಟು ಇನ್ನೊಂದನ್ನು ನಂಬಿಕೊಂಡಿರುತ್ತದೆ. ಒಂದನ್ನು ಹೊಸತು ಮಾಡಿದರೆ ಅದನ್ನು ನಂಬಿದ ಹತ್ತು ಮುರಿಯಬಹುದು. ಅದಕ್ಕಾಗಿ ಅವರು ಮೂರು ಮೆಟ್ಟಿಲು ಮಾಡಿಕೊಂಡರು: ಹೊಸತು ಬಂದು ಬೀಳುವ ಜಗಲಿ, ಪರೀಕ್ಷೆಯ ಚಾವಡಿ, ಎಲ್ಲವೂ ಸರಿಯೆಂದ ಮೇಲೆ ಒಳಮನೆ. ಜಗಲಿಗೆ ಅವರಿಟ್ಟ ಹೆಸರು ಸಿಡ್, ‘ಟಾಯ್ ಸ್ಟೋರಿ’ ಸಿನಿಮಾದಲ್ಲಿ ಆಟಿಕೆ ಮುರಿಯುವ ಪಕ್ಕದ ಮನೆಯ ಹುಡುಗ!

ಒಳಮನೆಗೆ ಎಷ್ಟು ಸಮಯಕ್ಕೊಮ್ಮೆ ಹೊಸತು ತರಬೇಕು? ‘ಸಿದ್ಧವಾದಾಗ’ ಎಂಬುದೇ ಅವರ ಉತ್ತರವಾಗಿತ್ತು. 2002ರ ಜುಲೈಯಲ್ಲಿ ಒಂದು ಆವೃತ್ತಿ ಬಂದರೆ ಮುಂದಿನದು ಬಂದದ್ದು 2005ರ ಜೂನಿನಲ್ಲಿ. ಕಾದು ಬೇಸತ್ತವರ ಎದುರಿಗೆ 2004ರ ಅಕ್ಟೋಬರದಲ್ಲಿ ಉಬುಂಟು ಬಂದು, ಆರು ತಿಂಗಳಿಗೊಮ್ಮೆ ಹೊಸತು ಕೊಡುತ್ತೇನೆ ಎಂದಿತು. ಆದರೆ ಆರು ತಿಂಗಳಿಗೊಮ್ಮೆ ಮನೆ ಬದಲಿಸಲು ಯಾರಿಂದಾದೀತು? 2006ರಲ್ಲಿ ಅವರೇ ದೀರ್ಘಕಾಲ ನೋಡಿಕೊಳ್ಳುವ ಆವೃತ್ತಿಯೊಂದನ್ನು ತಂದರು. ಮುಂದೆ ಅಂಥದು ಎರಡು ವರ್ಷಕ್ಕೊಂದು ಬರತೊಡಗಿತು.

2009ರ ಜುಲೈಯಲ್ಲಿ ಸ್ಪೇನಿನ ಕಾಸೆರೆಸ್ ಊರಿನಲ್ಲಿ ಡೆಬಿಯನ್ ಬಳಗದ ಸಮ್ಮೇಳನ ನಡೆಯಿತು. ಇನ್ನು ಎರಡು ವರ್ಷಕ್ಕೊಮ್ಮೆ ಡಿಸೆಂಬರಿನಲ್ಲಿ ಬಾಗಿಲು ಮುಚ್ಚಿ, ಹೊಸತನ್ನು ಒಳಗೆ ಬಿಡದೆ ಇದ್ದುದರ ತಪ್ಪನ್ನಷ್ಟೇ ತಿದ್ದುವುದು, ಅದೂ ಇದೇ ಡಿಸೆಂಬರಿನಿಂದ ಎಂದು ಮುಖ್ಯ ತಂಡ ಸಾರಿತು. ನಮ್ಮನ್ನು ಕೇಳದೆ ಮುಹೂರ್ತ ಇಟ್ಟವರಾರು ಎಂದು ಉಳಿದ ಸ್ವಯಂಸೇವಕರು ಎದ್ದುನಿಂತರು. ತಂಡ ಹಿಂಜರಿಯಬೇಕಾಯಿತು, ಬಾಗಿಲು ಮುಚ್ಚಿದ್ದು 2010ರ ಆಗಸ್ಟಿನಲ್ಲಿ, ಆವೃತ್ತಿ ಬಂದದ್ದು 2011ರ ಫೆಬ್ರವರಿಯಲ್ಲಿ. ತಮಾಷೆಯೆಂದರೆ, ಬಲವಂತದಿಂದ ಬೇಡವೆಂದದ್ದು ಒಪ್ಪಿಗೆಯಿಂದ ನಡೆಯಿತು. 2013, 2015 ಎಂದು ಎಣಿಸುತ್ತ ಬಂದರೆ 2025ರ ವರೆಗೂ ಎರಡು ವರ್ಷದ ಲೆಕ್ಕ ತಪ್ಪಿಲ್ಲ.

ಹಾಗೆಂದು ಎಲ್ಲಕ್ಕೂ ಎರಡು ವರ್ಷ ಕಾಯಲಾಗುವುದಿಲ್ಲ. 2012ರಲ್ಲಿ ಓಪನ್‌ಎಸ್‌ಎಸ್‌ಎಲ್ ಎಂಬ ಪ್ಯಾಕೇಜಿನ ಹೊಸ ಆವೃತ್ತಿಯಲ್ಲಿ ಸೇರಿಕೊಂಡ ತೂತೊಂದು 2014ರ ಏಪ್ರಿಲಿನಲ್ಲಿ ಬಯಲಾಯಿತು. ಗುಟ್ಟಿನ ಮಾಹಿತಿ ಅದರ ಮೂಲಕ ಸೋರುವಂತಿತ್ತು. ಆಗ ಡೆಬಿಯನ್‌ನವರು ಇಡೀ ಮಾಡನ್ನು ಕಿತ್ತುಹಾಕದೆ ಒಡೆದ ಹಂಚನ್ನು ಮಾತ್ರ ಬದಲಿಸಿ, ಕೂಡಲೇ ಎಲ್ಲರಿಗೂ ಕಳಿಸಿದರು. ಸೌಕರ್ಯಕ್ಕೆ ನಿಧಾನ, ಅಪಾಯಕ್ಕೆ ಅವಸರ ಎಂಬುದು ಅವರ ನೀತಿ.

ಅವಸರಪಡಿಸಿದರೆ ಏನಾಗುತ್ತದೆಂಬುದು 2024ರ ಮಾರ್ಚಿನಲ್ಲಿ ತಿಳಿಯಿತು. ‘ಎಕ್ಸ್‌ಝೆಡ್’ ಎಂಬ ಪ್ಯಾಕೇಜನ್ನು ಲಸ್ಸೆ ಕಾಲಿನ್ ಎಂಬವರು ವರ್ಷಗಟ್ಟಲೆ ಹೆಚ್ಚುಕಡಿಮೆ ಒಬ್ಬರೇ ನೋಡಿಕೊಳ್ಳುತ್ತಿದ್ದರು. 2022ರಲ್ಲಿ ಅಪರಿಚಿತ ಹೆಸರುಗಳಿಂದ ದೂರುಗಳು ಬಂದವು: ಹೊಸತು ಯಾಕೆ ಬರುತ್ತಿಲ್ಲ, ಆಗದಿದ್ದರೆ ಬೇರೆಯವರಿಗೆ ಬಿಟ್ಟುಕೊಡಿ. ತನ್ನ ಮನಸ್ಸಿನ ಆರೋಗ್ಯ ಸರಿಯಿಲ್ಲ, ಇದು ಸಂಬಳವಿಲ್ಲದ ಕೆಲಸ ಎಂದು ಅವರು ಹೇಳಿಕೊಂಡರೂ ಒತ್ತಡ ನಿಲ್ಲಲಿಲ್ಲ. ನೆರವಿಗೆಂದು ನಿಂತ ‘ಜಿಯಾ ತಾನ್’ ಎಂಬ ಹೆಸರಿನ ವ್ಯಕ್ತಿ ಕ್ರಮೇಣ ಜವಾಬ್ದಾರಿ ಪಡೆದು, 2024ರ ಹೊಸ ಆವೃತ್ತಿಯೊಳಗೆ ಕಳ್ಳಬಾಗಿಲು ಇಟ್ಟ. ಲಾಗಿನ್ ಆಗಲು ಅರ್ಧ ಸೆಕೆಂಡು ಹೆಚ್ಚು ಹಿಡಿಯುವುದನ್ನು ಕಂಡ ಆಂದ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಅದನ್ನು ಪತ್ತೆಹಚ್ಚಿದ. ಅಷ್ಟರಲ್ಲಿ ಅದು ಡೆಬಿಯನ್‌ನ ಜಗಲಿ, ಚಾವಡಿಗಳಿಗೆ ಬಂದಾಗಿತ್ತು, ಒಳಮನೆಗೆ ಹೋಗಿರಲಿಲ್ಲ.

ಈ ವೃತ್ತಾಂತ ಓದಿದಾಗ ನನಗೆ ನಮ್ಮ ಕೂಡುಕುಟುಂಬಗಳ ಒಬ್ಬಂಟಿ ಸೊಸೆಯಂದಿರ ನೆನಪಾಯಿತು. ‘ಕಾಫಿ ಆಯಿತಾ, ತಿಂಡಿ ಎಲ್ಲಿ’ ಎಂದು ಹತ್ತು ಬಾಯಿ ಕೇಳುವಾಗ, ‘ನೀನು ಕೂತುಕೋ, ನಾನು ಮಾಡುತ್ತೇನೆ’ ಎಂದು ಬಂದವರನ್ನು ಯಾರೆಂದು ವಿಚಾರಿಸುವ ತ್ರಾಣ ಯಾರಿಗಿರುತ್ತದೆ?

ಶಾಲೆಗಳಿಗೆ ಬೇಕಾದದ್ದು ನಿಧಾನದ ಲೆಕ್ಕ. ನಮ್ಮ ವಿಟ್ಲದಿಂದ ಆಚೆ ಗಡಿ ದಾಟಿದರೆ ಕಾಸರಗೋಡು ಜಿಲ್ಲೆ. ಅಲ್ಲಿನ ಕನ್ನಡ ಮಾಧ್ಯಮದ ಮಕ್ಕಳೂ ಕೇರಳ ಸರಕಾರದ ಕೈಟ್ ಸಂಸ್ಥೆ ಉಬುಂಟುವಿನ ಮೇಲೆ ಕಟ್ಟಿದ ವ್ಯವಸ್ಥೆಯಲ್ಲೇ ಕಲಿಯುತ್ತಾರೆ, ಎಸ್ಸೆಸ್ಸೆಲ್ಸಿಯ ಐಟಿ ಪರೀಕ್ಷೆಯನ್ನೂ ಬರೆಯುತ್ತಾರೆ. ಅಲ್ಲಿ 18.04ರ ನಂತರ ಬಂದದ್ದು 22.04, ಅದೂ 2024ರಲ್ಲಿ. ಪಾಠಪುಸ್ತಕದ ಚಿತ್ರದಲ್ಲಿದ್ದ ಗುಂಡಿ ಪರದೆಯ ಮೇಲೆ ಅದೇ ಜಾಗದಲ್ಲಿರಬೇಕೆಂಬುದು ಪಾಠ ಮಾಡುವವರಿಗೆ ಗೊತ್ತು.

ಆದರೆ ನಿಧಾನಕ್ಕೂ ಬೆಲೆ ಇದೆ. 2024ರ ಸೆಪ್ಟೆಂಬರಿನಲ್ಲಿ ಯುನಿಕೋಡಿನ 16ನೆಯ ಆವೃತ್ತಿಯಲ್ಲಿ ತುಳು-ತಿಗಳಾರಿ ಲಿಪಿಗೆ ಸ್ಥಾನ ಸಿಕ್ಕಿತು. ತಾಳೆಗರಿಯಲ್ಲಿದ್ದ ಅಕ್ಷರಗಳು ಕೊನೆಗೂ ಕಂಪ್ಯೂಟರಿನ ಲೆಕ್ಕಕ್ಕೆ ಬಂದವು. ಅದಕ್ಕೆ ಮೊದಲಿನ ಸಾಮಗ್ರಿಯಷ್ಟೇ ಇರುವ ಯಂತ್ರದಲ್ಲಿ ಆ ಅಕ್ಷರದ ಬದಲು ಬರೀ ಚೌಕ ಕಾಣುತ್ತದೆ. ಹೊಸತಾಗದಿದ್ದರೆ ನಮ್ಮ ಲಿಪಿಯೇ ನಮಗೆ ಕಾಣದು.

ಹಾಗಾಗಿ ಎಲ್ಲಕ್ಕೂ ಒಂದೇ ಲೆಕ್ಕವಿಲ್ಲ. ಮಾಡು ಹತ್ತುವವರಿಗೆ ಅವರ ಕೈಕಾಲಿನ ಶಕ್ತಿ ಗೊತ್ತು. ಕೆಳಗೆ ಕೂತವರಿಗೆ ಎಲ್ಲಿ ಸೋರುತ್ತದೆಂದು ಗೊತ್ತು. ಮುಹೂರ್ತ ಇಡುವಾಗ ಹತ್ತುವವರನ್ನು ಮೊದಲು ಕೇಳಬೇಕು. ಸೋರುವ ಜಾಗವನ್ನು ಕೆಳಗಿನವರು ತೋರಿಸಬೇಕು. ಆಗುವುದಾದರೆ ಏಣಿಯನ್ನೂ ಹಿಡಿದುಕೊಳ್ಳಬೇಕು.