ಗೊಬ್ಬರದ ಚೀಲದ ನಡುವಿನ ಸೊನ್ನೆ

ವಸಂತ ಬಂತೆಂದರೆ ಮೆಟುಚೆನ್, ಎಡಿಸನ್ ಕಡೆಯ ನಮ್ಮ ಕನ್ನಡದ ಮನೆಗಳಲ್ಲೂ ಹುಲ್ಲುಹಾಸಿನ ಚಿಂತೆ ಶುರುವಾಗುತ್ತದೆ. ಅಂಗಡಿಯಿಂದ ತರುವ ಗೊಬ್ಬರದ ಚೀಲದ ಮೇಲೆ ಮೂರು ಅಂಕಿಗಳಿರುವುದನ್ನು ಸದಸ್ಯರು ನೋಡಿಯೇ ಇರುತ್ತೀರಿ. ಮೊದಲನೆಯದು ಸಾರಜನಕ, ಮೂರನೆಯದು ಪೊಟ್ಯಾಷ್. ನಡುವಿನದು ರಂಜಕ; ಅದು ಈಗ ಸಾಮಾನ್ಯವಾಗಿ ಸೊನ್ನೆ. ಈ ಸೊನ್ನೆಯ ಹಿಂದೆ ಒಂದು ಹಳೆಯ ಪ್ರಶ್ನೆ ಇದೆ: ಹರಿಯುವ ನೀರಿನಲ್ಲಿ ಒಂದೇ ಆಹಾರಕ್ಕಾಗಿ ಹಲವು ಜೀವಿಗಳು ಪೈಪೋಟಿ ನಡೆಸಿದರೆ ಉಳಿಯುವವರು ಯಾರು? ಗಣಿತ ಇದಕ್ಕೆ ಉತ್ತರ ಕೊಟ್ಟ ಕಥೆಯನ್ನು ಸಂಗ್ರಹವಾಗಿ ಹೇಳುತ್ತೇವೆ.

ಪ್ಯಾರಿಸಿನ ಝಾಕ್ ಮೊನೋ 1942ರಲ್ಲಿ ಬ್ಯಾಕ್ಟೀರಿಯಾಗಳ ಬೆಳವಣಿಗೆಗೆ ಒಂದು ಸರಳ ಸೂತ್ರ ಕೊಟ್ಟರು. ಆಹಾರ ಹೆಚ್ಚಿದಂತೆ ಬೆಳವಣಿಗೆಯ ವೇಗವೂ ಹೆಚ್ಚುತ್ತದೆ, ಆದರೆ ಒಂದು ಮಿತಿಯನ್ನು ದಾಟುವುದಿಲ್ಲ. ಪಂಕ್ತಿಯಲ್ಲಿ ಎಷ್ಟು ಬಡಿಸಿದರೂ ಉಣ್ಣುವವನ ವೇಗಕ್ಕೆ ಮಿತಿ ಇರುವ ಹಾಗೆ. ಆ ಗರಿಷ್ಠ ವೇಗದ ಅರ್ಧದಷ್ಟು ಬರಲು ಬೇಕಾದ ಆಹಾರವನ್ನು ನಾವು ಇಲ್ಲಿ 'ಅರ್ಧಮಟ್ಟ' ಎನ್ನೋಣ.

1950ರಲ್ಲಿ ಮೊನೋ ಒಂದು ಉಪಕರಣವನ್ನು ವಿವರಿಸಿದರು. ಅದೇ ವರ್ಷ ಶಿಕಾಗೋದಲ್ಲಿ ಏರನ್ ನೋವಿಕ್ ಮತ್ತು ಲಿಯೋ ಸಿಲಾರ್ಡ್ ಸ್ವತಂತ್ರವಾಗಿ ಅದನ್ನೇ ಕಂಡುಕೊಂಡಿದ್ದರು. ಈ ಸಿಲಾರ್ಡ್ ಬೇರಾರೂ ಅಲ್ಲ, 1939ರಲ್ಲಿ ನಮ್ಮ ನೆರೆಯ ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾಲಯದಲ್ಲಿ ಪರಮಾಣು ಪ್ರಯೋಗ ನಡೆಸಿದ್ದ ಹಂಗೇರಿಯ ಭೌತವಿಜ್ಞಾನಿ. ಉಪಕರಣದ ಹೆಸರು ಕೀಮೋಸ್ಟ್ಯಾಟ್. ಒಂದು ಪಾತ್ರೆಗೆ ಆಹಾರ ಬೆರೆತ ನೀರು ಹನಿಹನಿಯಾಗಿ ಬರುತ್ತದೆ. ಅಷ್ಟೇ ನೀರು ಜೀವಿಗಳನ್ನೂ ಹೊತ್ತುಕೊಂಡು ಹೊರಗೆ ಹೋಗುತ್ತದೆ. ಹರಿವಿನಷ್ಟು ವೇಗವಾಗಿ ಬೆಳೆಯದ ಜೀವಿ ಕೊಚ್ಚಿಹೋಗುತ್ತದೆ.

ಇದರಲ್ಲಿ ಎರಡು ಜೀವಿಗಳನ್ನು ಬಿಟ್ಟರೆ? ಒಂದಕ್ಕೆ ಮೊಲ, ಇನ್ನೊಂದಕ್ಕೆ ಆಮೆ ಎಂದು ಹೆಸರಿಡೋಣ. ಅಂಕಿಗಳು ನಮ್ಮ ಕಲ್ಪನೆಯವು. ಮೊಲದ ಗರಿಷ್ಠ ವೇಗ ಗಂಟೆಗೆ 1, ಅರ್ಧಮಟ್ಟ 9. ಆಮೆಯ ವೇಗ 0.5, ಅರ್ಧಮಟ್ಟ 2. ಬದುಕಲು ಬೇಕಾದ ಆಹಾರ ತಿಳಿಯಲು ಅರ್ಧಮಟ್ಟವನ್ನು ಹರಿವಿನಿಂದ ಗುಣಿಸಿ, ಗರಿಷ್ಠ ವೇಗದಲ್ಲಿ ಹರಿವನ್ನು ಕಳೆದು ಬಂದದ್ದರಿಂದ ಭಾಗಿಸಬೇಕು. ಹರಿವು 0.1 ಇದ್ದರೆ ಮೊಲಕ್ಕೆ 1 ಬೇಕು, ಆಮೆಗೆ 0.5 ಸಾಕು. ಆಮೆ ಆಹಾರವನ್ನು 0.5ಕ್ಕೆ ಇಳಿಸಿಬಿಡುವುದರಿಂದ ಮೊಲ ಹಸಿದು ಕೊಚ್ಚಿಹೋಗುತ್ತದೆ. ಹರಿವು 0.4ಕ್ಕೆ ಏರಿದರೆ ಮೊಲಕ್ಕೆ 6, ಆಮೆಗೆ 8 ಬೇಕು. ಆಗ ಗೆಲುವು ಮೊಲದ್ದು. ಮಕ್ಕಳು ಲೆಕ್ಕ ಹಾಕಿ ನೋಡಬಹುದು. ಗೆಲ್ಲುವುದು ವೇಗದ ಜೀವಿಯಲ್ಲ, ಆ ಹರಿವಿನಲ್ಲಿ ಅತಿ ಕಡಿಮೆ ಆಹಾರದಲ್ಲಿ ಬಾಳಬಲ್ಲ ಜೀವಿ.

ಇದನ್ನು 1977ರಲ್ಲಿ ಹ್ಸು, ಹಬೆಲ್ ಮತ್ತು ವಾಲ್ಟ್‌ಮನ್ ಗಣಿತದಿಂದ ಸಾಧಿಸಿದರು. 1980ರಲ್ಲಿ ಹ್ಯಾನ್ಸನ್ ಮತ್ತು ಹಬೆಲ್ ಬ್ಯಾಕ್ಟೀರಿಯಾಗಳನ್ನು ಸ್ಪರ್ಧೆಗೆ ಬಿಟ್ಟು ಪರೀಕ್ಷಿಸಿದರು. ಲೆಕ್ಕ ಹೇಳಿದಂತೆಯೇ ಫಲ ಬಂತು.

ಹಾಗಾದರೆ ಕೆರೆಯಲ್ಲಿ ನೂರಾರು ಬಗೆಯ ಪಾಚಿಗಳು ಒಟ್ಟಿಗೆ ಬಾಳುವುದು ಹೇಗೆ? ಯೇಲ್ ವಿಶ್ವವಿದ್ಯಾಲಯದ ಹಚಿನ್ಸನ್ 1961ರಲ್ಲೇ ಈ ಒಗಟನ್ನು ಮುಂದಿಟ್ಟಿದ್ದರು. ಕೊರತೆ ಒಂದೇ ಪದಾರ್ಥದ್ದಲ್ಲ ಎಂಬುದು ಒಂದು ಉತ್ತರ. 1977ರಲ್ಲಿ ಡೇವಿಡ್ ಟಿಲ್ಮನ್ ಎರಡು ಜಾತಿಯ ಪಾಚಿಗಳನ್ನು ಬೆಳೆಸಿ ತೋರಿಸಿದರು: ಒಂದಕ್ಕೆ ರಂಜಕದ ಅಭಾವ, ಇನ್ನೊಂದಕ್ಕೆ ಸಿಲಿಕದ ಅಭಾವ ಇರುವಾಗ ಎರಡೂ ಉಳಿಯುತ್ತವೆ. ಅಂದರೆ ಬಗೆಬಗೆಯ ಜೀವಿಗಳ ಬಾಳಿಗೆ ಬಗೆಬಗೆಯ ಕೊರತೆಯೇ ಆಧಾರ.

ಸಿಹಿನೀರಿನ ಕೆರೆಗಳಲ್ಲಿ ಅನೇಕ ವೇಳೆ ಅತಿ ವಿರಳವಾದದ್ದು ರಂಜಕ. ಅದನ್ನು ನಾವೇ ಸುರಿದರೆ ಸ್ಪರ್ಧೆಯ ನಿಯಮವೇ ಬದಲಾಗುತ್ತದೆ. ಆಗ ಕೊರತೆ ಬೆಳಕಿನದು. ಮೇಲೆ ತೇಲಿ ನೆರಳು ಕವಿಸುವ ಪಾಚಿ ಗೆಲ್ಲುತ್ತದೆ. ಅದು ಸತ್ತು ಕೊಳೆತಾಗ ಆಮ್ಲಜನಕ ಮುಗಿದು ಮೀನುಗಳು ಸಾಯುತ್ತವೆ. ಕೆನಡಾದ ಒಂಟಾರಿಯೋದಲ್ಲಿ ಡೇವಿಡ್ ಷಿಂಡ್ಲರ್ 1973ರಲ್ಲಿ 226ನೆಯ ಸಂಖ್ಯೆಯ ಸರೋವರವನ್ನು ಪರದೆಯಿಂದ ಎರಡು ಪಾಲು ಮಾಡಿದರು. ಎರಡಕ್ಕೂ ಇಂಗಾಲ ಮತ್ತು ಸಾರಜನಕ, ಒಂದಕ್ಕೆ ಮಾತ್ರ ರಂಜಕ. ರಂಜಕ ಬಿದ್ದ ಪಾಲು ಹಸಿರುಗಟ್ಟಿತು.

ನಮ್ಮ ಹುಲ್ಲುಹಾಸಿನ ಮಳೆನೀರು ಚರಂಡಿ ಸೇರಿ ತೊರೆಗಳಿಗೂ ರಾರಿಟನ್ ನದಿಗೂ ಹೋಗುತ್ತದೆ. ಅದಕ್ಕೆಂದೇ 2011ರಲ್ಲಿ ನ್ಯೂ ಜೆರ್ಸಿ ಕಾನೂನು ಮಾಡಿ, ಮಣ್ಣು ಪರೀಕ್ಷೆಯಲ್ಲಿ ಅಗತ್ಯವೆಂದು ಕಂಡಾಗ ಅಥವಾ ಹೊಸದಾಗಿ ಹುಲ್ಲು ಬೆಳೆಸುವಾಗ ಹೊರತು ಹುಲ್ಲುಹಾಸಿಗೆ ರಂಜಕ ಹಾಕುವುದನ್ನು ನಿಲ್ಲಿಸಿತು. ನಡುವಿನ ಸೊನ್ನೆಯ ಅರ್ಥ ಇದೇ.

ನಮ್ಮೂರಿನ ಕಡೆ ನೋಡಿದರೆ ಮನಸ್ಸು ಭಾರವಾಗುತ್ತದೆ. ಬೆಂಗಳೂರಿನ ಬೆಳ್ಳಂದೂರು ಕೆರೆಗೆ ದಶಕಗಳ ಕಾಲ ನಗರದ ಕೊಳಚೆ ಹರಿಯಿತು. ಅದರೊಡನೆ ಬಂದ ರಂಜಕ, ಸಾರಜನಕಗಳನ್ನುಂಡು ನೀರುಕಳೆ ಕೆರೆಯನ್ನೇ ಮುಚ್ಚಿತು. ಸೋಪಿನ ಅಂಶದಿಂದ ನೊರೆ ಎದ್ದಿತು. 2015ರ ಮೇ ತಿಂಗಳಲ್ಲಿ ಆ ನೊರೆಗೇ ಬೆಂಕಿ ಹತ್ತಿದ್ದನ್ನು ನಾವು ಇಲ್ಲಿಂದಲೇ ನೋಡಿದೆವು. ಅಲ್ಲಿ ಗೆದ್ದದ್ದು ಕಳೆ, ಸೋತದ್ದು ಕೆರೆ. ಕಳೆಯನ್ನು ಕಿತ್ತರೆ ಮತ್ತೆ ಬೆಳೆಯುತ್ತದೆ. ಒಳಕ್ಕೆ ಬರುವ ಆಹಾರವನ್ನು ತಡೆಯದೆ ಫಲಿತಾಂಶ ಬದಲಾಗದು ಎನ್ನುವುದೇ ಈ ಗಣಿತದ ಬುದ್ಧಿಮಾತು.

ಸದಸ್ಯ ಬಂಧುಗಳು ಈ ವರ್ಷ ಗೊಬ್ಬರ ಕೊಳ್ಳುವ ಮುನ್ನ ರಟ್ಗರ್ಸ್ ವಿಶ್ವವಿದ್ಯಾಲಯದ ಮಣ್ಣು ಪರೀಕ್ಷಾಲಯಕ್ಕೆ ಒಂದು ಹಿಡಿ ಮಣ್ಣು ಕಳುಹಿಸಿ ನೋಡಬೇಕೆಂದು ವಿನಂತಿ.