ಫಲಿತಾಂಶ ಏರಿತು, ಹಾಜರಿ ಪುಸ್ತಕ ಸಣ್ಣದಾಯಿತು

ನಮ್ಮ ಶಾಲೆಗೆ ಐವತ್ತು ತುಂಬಿದೆ. ಈ ಸಂಭ್ರಮದಲ್ಲಿ ಒಂದಿಷ್ಟು ಹಿಂದಿನದನ್ನೂ ನೋಡೋಣ.

1956ರ ನವೆಂಬರ್ 1ರ ಮೊದಲು ನಮ್ಮ ಸೀಮೆ ಮದ್ರಾಸಿಗೆ ಸೇರಿತ್ತು. ಆಗ ಹೈಸ್ಕೂಲು ಎಂದರೆ ಪೇಟೆಯ ಮಾತು. ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರೂ ಹೈಸ್ಕೂಲು ಓದಿದ್ದು ಕುಂದಾಪುರದಲ್ಲಿ. ಒಳನಾಡಿನ ಎಷ್ಟೋ ಮಕ್ಕಳು ಪ್ರಾಥಮಿಕ ಶಾಲೆ ಮುಗಿಸಿ ಗದ್ದೆಗೋ, ದೋಣಿಗೋ, ಬೊಂಬಾಯಿ ಹೋಟೆಲಿಗೋ ಹೋದರು. ಊರಿಗೇ ಪ್ರೌಢಶಾಲೆ ಬಂದಾಗ ಮೊದಲು ಕಡಿಮೆಯಾದದ್ದು ದೂರ. ಅದರ ಲಾಭ ಹೆಚ್ಚಾಗಿ ಆದದ್ದು ಹೆಣ್ಣುಮಕ್ಕಳಿಗೆ.

ಆದರೂ ತೋಡು, ಕಾಲುಸಂಕಗಳು ಉಳಿದವು. 2022ರ ಮಳೆಗಾಲದಲ್ಲೂ ಬೈಂದೂರು ಕಡೆ ಸಂಕ ದಾಟುತ್ತಿದ್ದ ಶಾಲೆಯ ಮಗುವೊಂದನ್ನು ನೀರು ಸೆಳೆದೊಯ್ದದ್ದನ್ನು ಮರೆಯಲಾಗದು.

ನಾವು ಬುತ್ತಿ ಕಟ್ಟಿಕೊಂಡು ನಡೆದು ಬಂದವರು. ನಮ್ಮ ನಂತರ, 2006–07ರಲ್ಲಿ ಎಂಟನೆಯವರಿಗೆ ಸೈಕಲ್, 2007ರಲ್ಲಿ ಹೈಸ್ಕೂಲಿಗೂ ಬಿಸಿಯೂಟ ಬಂತು. ಎಸ್ಸೆಸ್ಸೆಲ್ಸಿಯಲ್ಲಿ ಉಡುಪಿ ಜಿಲ್ಲೆ 2018ರಲ್ಲಿ ಶೇ. 88.18, 2024ರಲ್ಲಿ ಶೇ. 94 ಫಲಿತಾಂಶ ಪಡೆದು ರಾಜ್ಯಕ್ಕೇ ಪ್ರಥಮವಾಯಿತು.

ಹಾಗಾದರೆ ಬೆಂಚುಗಳು ಖಾಲಿಯಾದದ್ದೇಕೆ? ಆರೇಳು ಮಕ್ಕಳಿದ್ದ ಮನೆಯಲ್ಲಿ ಈಗ ಒಂದೋ ಎರಡೋ. ದುಡಿಯುವವರು ಬೆಂಗಳೂರು, ಮುಂಬಯಿ ಸೇರಿದರು. ಇಂಗ್ಲಿಷ್ ಮಾಧ್ಯಮ ಶಾಲೆಯ ವ್ಯಾನು ಅಂಗಳಕ್ಕೇ ಬಂತು. 2012–13ರಿಂದ ಶಿಕ್ಷಣ ಹಕ್ಕು ಕಾಯಿದೆಯಡಿ ಶೇ. 25 ಸೀಟುಗಳಿಗೆ ಸರಕಾರವೇ ಶುಲ್ಕ ಕೊಟ್ಟು ಬಡ ಮಕ್ಕಳನ್ನು ಖಾಸಗಿ ಶಾಲೆಗೆ ಸೇರಿಸಿತು. ಸರಕಾರಿ ಶಾಲೆ ಹತ್ತಿರವಿರುವಲ್ಲಿ ಅದು ನಿಂತದ್ದು 2019ರಲ್ಲಿ. 2012ರಲ್ಲಿ ಪಕ್ಕದ ಪ್ರಾಥಮಿಕ ಶಾಲೆಯ ಒಂದನೆಯದಕ್ಕೆ ಬಾರದ ಮಗು 2019ರಲ್ಲಿ ನಮ್ಮ ಎಂಟನೆಯದಕ್ಕೂ ಬರುವುದು ಅಪರೂಪ. ತಂದೆತಾಯಿ ಶಾಲೆ ಆರಿಸುವುದು ಮಗುವಿನ ಮೂರು ನಾಲ್ಕನೆಯ ವಯಸ್ಸಿನಲ್ಲಿ. ನಮ್ಮ ಮೇಷ್ಟ್ರುಗಳ ದುಡಿಮೆಯ ಫಲ ಕಾಣುವುದು ಹದಿನಾರರಲ್ಲಿ. ಅಷ್ಟು ಹೊತ್ತಿಗೆ ಆಯ್ಕೆ ಮುಗಿದಿರುತ್ತದೆ.

ಬೇರೆಯವರತ್ತ ಬೆರಳು ತೋರಿಸುವಂತಿಲ್ಲ. ಈ ಶಾಲೆಯಲ್ಲಿ ಕನ್ನಡದಲ್ಲೇ ಓದಿ ಇಂಜಿನಿಯರ್ ಆದ ನಾನೂ ನನ್ನ ಮಗಳನ್ನು ಬೆಂಗಳೂರಿನ ಇಂಗ್ಲಿಷ್ ಮಾಧ್ಯಮ ಶಾಲೆಗೇ ಸೇರಿಸಿದ್ದೇನೆ. ಮೊದಲ ವರ್ಷ ಇಂಗ್ಲಿಷಿಗೆ ಹೆದರಿ ಹಿಂದಿನ ಬೆಂಚಿನಲ್ಲಿ ಕೂತ ನೆನಪು ನನ್ನಿಂದ ಹಾಗೆ ಮಾಡಿಸಿತು. ಊರಲ್ಲಿರುವ ತಂದೆತಾಯಿಗೂ ಅದೇ ಹೆದರಿಕೆ.

ಆದ್ದರಿಂದ ಹಳೆ ವಿದ್ಯಾರ್ಥಿಗಳಲ್ಲಿ ನನ್ನ ವಿನಂತಿ: ಸ್ಮಾರಕ ಕಮಾನಿಗಿಂತ ಮೊದಲು ಪಕ್ಕದ ಪ್ರಾಥಮಿಕ ಶಾಲೆಗೆ ಒಬ್ಬ ಒಳ್ಳೆಯ ಇಂಗ್ಲಿಷ್ ಶಿಕ್ಷಕರ ಗೌರವಧನ, ಒಂದು ವಾಹನದ ಖರ್ಚು ನಾವು ಹೊರೋಣ. ಪ್ರೌಢಶಾಲೆಯ ಮುಂದಿನ ಐವತ್ತು ವರ್ಷ ಆ ಒಂದನೆಯ ತರಗತಿಯಲ್ಲಿದೆ.